ಎರಡನೇ ಸಲ ಚಾಚಿದ ಕೈ

ಕಳೆದ ವಾರ ಮನೆಯಾಕೆಯ ಕೆಮ್ಮಿಗೆಂದು ಗದಗಿನ ಔಷಧ ಅಂಗಡಿಯಿಂದ ದ್ರಾಕ್ಷಾರಿಷ್ಟದ ಒಂದು ಬಾಟಲಿ ತಂದೆ. ದೊಡ್ಡ ಕಂಪನಿಯ ಮಾಲು. ಮುಚ್ಚಳದ ಮೇಲೆ ಅಳತೆಯ ಗೆರೆಯಿರುವ ಪ್ಲಾಸ್ಟಿಕ್ ಬಟ್ಟಲು. ಸೀಲು ಮುರಿದು ಮುಚ್ಚಳ ತಿರುವಿದಾಗ ಬೆಲ್ಲ, ಒಣದ್ರಾಕ್ಷಿ, ಯಾಲಕ್ಕಿ, ಇವುಗಳ ಕೆಳಗೆಲ್ಲೋ ಒಂದು ಹಳೆಯ ಹುಳಿ, ಎಲ್ಲ ಕೂಡಿದ ವಾಸನೆ ಅಡುಗೆಮನೆಯಲ್ಲಿ ಹರಡಿತು. ಒಂದು ವಾಸನೆ ಮಾತ್ರ ಇರಲಿಲ್ಲ, ಹಸಿ ಮಣ್ಣಿನದು. ಅದು ಇಲ್ಲವೆಂದು ಮೂಗಿಗೆ ತಿಳಿದ ಕೂಡಲೇ ಡೋಣಿಯ ಪಂಡಿತರ ಪಡಸಾಲೆ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಎಪ್ಪತ್ತರ ದಶಕದ ಕೊನೆಯ ಆ ಒಂದು ಮಳೆಗಾಲವೂ ಬಂತು.

ಆಗ ನಾನು ಹುಬ್ಬಳ್ಳಿಯಲ್ಲಿ ಅಚ್ಚಾಗುವ ಒಂದು ದಿನಪತ್ರಿಕೆಗೆ ಗದಗಿನ ವರದಿಗಾರ. ಬೆಟಗೇರಿಯ ನೇಕಾರರ ಓಣಿಯಲ್ಲಿ ಬಾಡಿಗೆ ಕೋಣೆ. ಪಕ್ಕದ ಮನೆಯ ಮಗ್ಗದ ಸದ್ದಿನಲ್ಲಿ ಸುದ್ದಿ ಬರೆದು, ಲಕೋಟೆಗೆ ಹಾಕಿ, ಸಂಜೆಯ ರೈಲಿಗೆ ಕೊಟ್ಟರೆ ಅಂದಿನ ಕೆಲಸ ಮುಗಿಯುತ್ತಿತ್ತು. ನಮ್ಮ ಸಂಪಾದಕರು ನನಗೆ ಕಲಿಸಿದ ಪಾಠ ಎರಡೇ. ಕಾಣದ್ದನ್ನು ಕಂಡೆನೆಂದು ಬರೆಯಬೇಡ. ಕಂಡದ್ದರೊಳಗೆ ನೀನು ಕೈ ಹಾಕಬೇಡ. ಮೊದಲನೆಯದು ಸುಲಭ. ಎರಡನೆಯದು ಎಷ್ಟು ಕಷ್ಟವೆಂಬುದು ಆ ವರ್ಷ ಗೊತ್ತಾಯಿತು.

ಆಷಾಢದಲ್ಲಿ ನನಗೊಂದು ಪತ್ರ ಬಂತು. ಸಹಿ ಇರಲಿಲ್ಲ, ಅಕ್ಷರಗಳು ಮಾತ್ರ ದುಂಡಗೆ ಚೆನ್ನಾಗಿದ್ದವು. ಡೋಣಿಯ ಶ್ರೀಪಾದ ಪಂಡಿತರ ಮನೆಯಲ್ಲಿ ಔಷಧದ ಹೆಸರು ಹೇಳಿ ಸರಾಯಿ ಮಾರುತ್ತಾರೆ, ಬಂದವರನ್ನು ಬೆಂಚಿನ ಮೇಲೆ ಸಾಲಾಗಿ ಕೂಡಿಸಿ ಅಂಗೈಗೆ ಹಾಕಿ ರುಚಿ ಹತ್ತಿಸುತ್ತಾರೆ, ಮನೆಯವರು ಗುಡಿಯ ಪೂಜೆಯವರು, ಪಂಡಿತರು ಸ್ವತಃ ಶಾಲೆಯ ಮಾಸ್ತರರು, ಆದ್ದರಿಂದ ಇದು ಪತ್ರಿಕೆಯಲ್ಲಿ ಬರತಕ್ಕದ್ದು ಎಂದು ಬರೆದಿತ್ತು. ಕೆಳಗೆ ಒಂದು ಸಾಲು: ಇದೇ ಪತ್ರವನ್ನು ಅಬಕಾರಿ ಕಚೇರಿಗೂ ಕಳಿಸಿದೆ.

ಹುಬ್ಬಳ್ಳಿಯಿಂದ ಟ್ರಂಕ್ ಕಾಲ್ ಬಂದಾಗ ಸಂಪಾದಕರಿಗೆ ಹೇಳಿದೆ. ಅವರಿಗೆ ಸುದ್ದಿಯ ವಾಸನೆ ಹತ್ತಿತು. "ಪೂಜಾರಿ, ಮಾಸ್ತರ, ಸರಾಯಿ. ಮೂರೂ ಒಂದಽ ಮನ್ಯಾಗ. ಮೊದಲನೇ ಪುಟಕ್ಕ ಬರ್ತೈತಿ. ಆದ್ರ ಹೋಗಿ ನೋಡಿ ಬರಿ," ಎಂದರು.

ಮರುದಿನ ಡಂಬಳದ ಮೇಲೆ ಹೋಗುವ ಬಸ್ಸು ಹತ್ತಿದೆ. ಜಿಟಿಜಿಟಿ ಮಳೆ. ಕಪ್ಪತಗುಡ್ಡದ ನೆತ್ತಿ ಮೋಡದಲ್ಲಿ ಮುಳುಗಿತ್ತು, ಕೆಳಗಿನ ಎರೆಹೊಲಗಳಲ್ಲಿ ಹೆಸರು ಬೆಳೆ ಗೇಣುದ್ದ ಎದ್ದಿತ್ತು. ಡೋಣಿಯಲ್ಲಿ ಇಳಿದು ಪಂಡಿತರ ಮನೆ ಕೇಳಿದರೆ ಚಹಾದಂಗಡಿಯವನು, "ಈಗ್ಯಾಕ್ರಿ? ಸುಗ್ಗಿ ಮುಗದೈತಿ. ಹರವಿ ಎಲ್ಲಾ ಬೋರಲ ಹಾಕ್ಯಾರ," ಎಂದ. ಸರಾಯಿ ಅಂಗಡಿಗೆ ಸುಗ್ಗಿ ಮುಗಿಯುವುದಿಲ್ಲ. ಆ ಮಾತನ್ನು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಅವನು ಹೇಳಿದ್ದು ಖರೆ. ಪಂಡಿತರ ಪಡಸಾಲೆಯ ಒಂದು ಗೋಡೆಗುಂಟ ಏಳು ದೊಡ್ಡ ಮಣ್ಣಿನ ಹರವಿಗಳು ತೊಳೆದು ಬೋರಲಾಗಿ ಕುಳಿತಿದ್ದವು. ಎಂಟನೆಯದು ಮಾತ್ರ ಮೂಲೆಯಲ್ಲಿ ನೆಟ್ಟಗಿತ್ತು, ಬಾಯಿಗೆ ಬಟ್ಟೆ ಕಟ್ಟಿ ಮೇಲೆ ತಾಟು ಮುಚ್ಚಿತ್ತು. ಮಳೆಯ ತೇವಕ್ಕೆ ಆ ಬೋರಲು ಹರವಿಗಳು ಹಿಂದಿನ ಎಷ್ಟೋ ವರ್ಷಗಳ ದ್ರಾಕ್ಷಿ, ಬೆಲ್ಲ, ತುಪ್ಪವನ್ನು ಮಣ್ಣಿನ ಮೂಲಕ ಉಸಿರಾಡುತ್ತಿದ್ದವು. ಎದುರು ಗೋಡೆಗೆ ಒಂದು ಬೆಂಚು. ಆ ಬೆಂಚಿನ ಮೇಲೆ ನನಗಿಂತ ಮೊದಲೇ ಬಂದ ಒಬ್ಬ ರೈತ ಕುಳಿತಿದ್ದ. ಹಮ್ಮಿಗಿಯಿಂದ ಬಂದ ಬಸಪ್ಪ, ಹೆಂಡತಿಯ ಹಳೆಯ ಕೆಮ್ಮಿಗೆ ಔಷಧ ಒಯ್ಯಲು ಹೊಳೆದಂಡೆಯಿಂದ ಇಷ್ಟು ದೂರ ಬಂದಿದ್ದ.

ನಾನು ಯಾರು, ಏಕೆ ಬಂದೆ ಎಂಬುದನ್ನು ಬಾಗಿಲಲ್ಲೇ ಹೇಳಿದೆ. ಮುಚ್ಚಿಟ್ಟು ಒಳಹೊಕ್ಕು ಬರೆಯುವುದು ನಮ್ಮಲ್ಲಿ ರೂಢಿ ಇರಲಿಲ್ಲ. ಶ್ರೀಪಾದ ಪಂಡಿತರಿಗೆ ನಲವತ್ತು ದಾಟಿರಬೇಕು. ಬೆಳಿಗ್ಗೆ ಹಣಮಪ್ಪನ ಗುಡಿಯ ಪೂಜೆ, ಹಗಲು ಶಾಲೆ, ಉಳಿದ ಹೊತ್ತು ಔಷಧ. ಪತ್ರದ ಸಂಗತಿ ಕೇಳಿ ಅವರ ಮುಖ ಬಿಳಿಚಿತು. ಒಳಗೆ ಹೋಗಿ, ಚೌಕಟ್ಟು ಹಾಕಿಸಿದ ಲೈಸನ್ಸನ್ನು ಗೋಡೆಯಿಂದ ಕಿತ್ತುಕೊಂಡೇ ಬಂದರು. ಅದರ ಹಿಂದೆ ಹಲ್ಲಿ ಇತ್ತು. ಅದೂ ಜೊತೆಗೆ ಬಂತು.

"ಆಯೀ, ಪೇಪರಿನವರು ಬಂದಾರ," ಎಂದು ಅವರು ಕೂಗಿದರು.

ಮಾಸಿದ ಕೆಂಪು ಸೀರೆಯ ಸೆರಗನ್ನು ತಲೆತುಂಬ ಹೊದ್ದ ಒಬ್ಬ ಸಣ್ಣ ಮುದುಕಿ ಹೊರಗೆ ಬಂದರು. ಪಂಡಿತರ ತಾಯಿ ಅಂಬಾಬಾಯಿ, ಊರಿಗೆಲ್ಲ ಆಯಿ. ಔಷಧದ ಲೈಸನ್ಸು ಮಗನ ಹೆಸರಿನಲ್ಲಿದ್ದರೂ ಆ ಮನೆಯ ನಾಲಿಗೆ ಈಕೆಯದು ಎಂದು ಬೇಗ ತಿಳಿಯಿತು.

"ಬರ್ಲಿ. ಪೇಪರಿನವರಿಗೂ ಕೆಮ್ಮು ಇರ್ತದ. ಕೂಡ್ರಿ," ಎಂದರು.

ಕೆಲಸ ಹೇಗೆ ನಡೆಯುತ್ತದೆಂದು ಕೇಳಿದೆ. ಆಯಿ ಮೆಣಸು ಆರಿಸುವವರಂತೆ ನಿಧಾನವಾಗಿ ಹೇಳಿದರು. ಸಂಕ್ರಾಂತಿ ಆದ ಮೇಲೆ ಗುಡ್ಡದಲ್ಲಿ ಧಾತಕಿ ಹೂ ಕೆಂಪಾಗುತ್ತದೆ, ಆ ಹೂವಿಲ್ಲದೆ ದ್ರಾಕ್ಷಿ ಹುದುಗುವುದಿಲ್ಲ. ಒಣದ್ರಾಕ್ಷಿ ವಿಜಾಪುರದ ಕಡೆಯಿಂದ ಬರುತ್ತದೆ. ಕುದಿಸಿ ಇಳಿಸಿದ ಕಷಾಯಕ್ಕೆ ಬೆಲ್ಲ ಕೂಡಿಸಿ, ಹೂ ಹಾಕಿ, ತುಪ್ಪ ಸವರಿದ ಹರವಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅದರ ಮೇಲೆ ಮಣ್ಣು ಮೆತ್ತಿ, ಜೋಳದ ಹೊಟ್ಟಿನಲ್ಲಿ ಹುಗಿದಿಡಬೇಕು. ಒಂದು ತಿಂಗಳು.

"ಆದದ್ದು ಹ್ಯಾಂಗ ಗೊತ್ತಾಗ್ತದ?"

"ಕಿವಿ ಹಚ್ಚಬೇಕು. ಒಳಗ ಮಾತಾಡ್ತಿರ್ತದ. ಮಾತು ನಿಂತ ದಿನ ಬಾಯಿ ಬಿಚ್ಚಿ ಉರಿಯೋ ಬತ್ತಿ ಹಿಡೀಬೇಕು. ಬತ್ತಿ ಆರಿತಂದ್ರ ಇನ್ನೂ ಆಗಿಲ್ಲ. ಉರೀತಂದ್ರ ಆತು."

"ಎಷ್ಟು ವರ್ಷದ ಹರವಿ ಇವು?"

"ನಮ್ಮ ಮಾವನವರ ಕಾಲದ್ದು. ಹೊಸಾ ಹರವಿ ತುಪ್ಪ ಕುಡದು ಪಳಗಲಿಕ್ಕೆ ಹತ್ತು ವರ್ಷ ಬೇಕು. ನನಗ ಅಷ್ಟು ಪುರಸತ್ತಿಲ್ಲ," ಎಂದು ಆಯಿ ಎಂಟನೆಯ ಹರವಿಯ ತಾಟು ಸರಿಸಿದರು.

ಬಸಪ್ಪ ಬೆಂಚಿನ ಅಂಚಿಗೆ ಸರಿದು ಬಲ ಅಂಗೈ ಒಡ್ಡಿದ. ಆಯಿ ತೀರ್ಥ ಕೊಡುವ ಬೆಳ್ಳಿಯ ಉದ್ಧರಣೆಯಲ್ಲಿ ಒಂದು ಚಮಚದಷ್ಟು ತೆಗೆದು, ಕೈ ತಾಗದಷ್ಟು ಎತ್ತರದಿಂದ ಅವನ ಅಂಗೈಗೆ ಬಿಟ್ಟರು. ಈ ಮನೆಯ ಪದ್ಧತಿ ಅದು. ಇಲ್ಲಿ ಕುಳಿತು ಒಂದು ಸಲ ರುಚಿ ನೋಡದೆ ಯಾರಿಗೂ ಬಾಟಲಿ ಇಲ್ಲ. ಹೊಟ್ಟೆಗೆ ಹೋದದ್ದು ಒಗ್ಗುತ್ತದೋ ಇಲ್ಲವೋ ನೋಡಿ, ಊಟ-ನಿದ್ದೆ ವಿಚಾರಿಸಿ, ಆಮೇಲೆ ಕೊಡುವುದು. ಬಸಪ್ಪ ಕುಡಿದು, ಅಂಗೈ ಧೋತರಕ್ಕೆ ಒರೆಸಿ, ಕೈಯನ್ನು ಬೆನ್ನ ಹಿಂದೆ ಒಯ್ದು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. ಸೊಂಟದ ನೋವಿರಬೇಕೆಂದು ನಾನು ತಿಳಿದೆ.

ಈಗ ನನ್ನ ಸರದಿ. ಮೊದಲು ಸಿಹಿ, ಆಮೇಲೆ ಬಾಯಿಯ ಎರಡೂ ಬದಿಗೆ ಹುಳಿ, ಕೊನೆಗೆ ಗಂಟಲಲ್ಲಿ ಮೆಣಸಿನ ಬಿಸಿ. ಆ ಬಿಸಿ ಮೆಣಸಿನದೋ ಇನ್ನೊಂದರದೋ? ವರದಿಯಲ್ಲಿ ಒಂದು ಶಬ್ದವೂ ತಪ್ಪಬಾರದು. ನಾನು ಮತ್ತೆ ಕೈ ಒಡ್ಡಿದೆ.

"ಇನ್ನೊಂದು ಸ್ವಲ್ಪ ಹಾಕ್ರಿ. ಸರಿಯಾಗಿ ತಿಳೀಲಿಲ್ಲ."

ಬಸಪ್ಪ ತೊಡೆ ತಟ್ಟಿ ನಕ್ಕ. "ಮುಗೀತಲ್ರಿ ಸಾಹೇಬ್ರ ನಿಮ್ಮ ಕತಿ!"

ಆಯಿ ತಾಟು ಮುಚ್ಚಿ, ಉದ್ಧರಣೆಯನ್ನು ನೀರಿನ ತಂಬಿಗೆಯಲ್ಲಿ ಅದ್ದಿದರು. "ನಿಮಗ ಬಾಟ್ಲಿ ಇಲ್ಲ. ಹೊಸಾ ಹರವಿ ತಗದಾಗ ಬರ್ರಿ. ಬರೋ ವರ್ಷ."

"ಆಯೀ, ನಾನು ಬರೀಲಿಕ್ಕೆ ಕೇಳಿದೆ, ಕುಡೀಲಿಕ್ಕಲ್ಲ."

"ಎಲ್ಲಾರೂ ಒಂದೊಂದಕ್ಕ ಕೇಳ್ತಾರ. ಮೊದಲನೇ ಸಲ ಬ್ಯಾನಿ ಕೇಳ್ತದ. ಎರಡನೇ ಸಲ ನಾಲಿಗಿ ಕೇಳ್ತದ. ನಾ ಔಷಧ ಕೊಡೂದು ಬ್ಯಾನಿಗೆ."

ಆ ಮನೆಗೆ ಬರುವವರೆಲ್ಲ ಗುಟುಕರಿಸಿದ ಮೇಲೆ ಕೈ ಹಿಂದೆ ಕಟ್ಟಿಕೊಳ್ಳುವುದು ಇದಕ್ಕೇ. ಎಲ್ಲಿ ಕೈ ತಾನಾಗಿ ಮುಂದೆ ಬಂದುಬಿಡುತ್ತದೋ ಎಂಬ ಅಂಜಿಕೆ. ಹೀಗೆ ಬಾಟಲಿ ಸಿಗದೆ ಹೋದ ಯಾರೋ ಆ ಪತ್ರ ಬರೆದಿರಬೇಕೆಂದು ನನಗೆ ಅಲ್ಲೇ ಹೊಳೆಯಿತು.

"ಈ ವರ್ಷ ಯಾರ್‍ಯಾರಿಗೆ ಇಲ್ಲ ಅಂದೀರಿ?"

"ಮಾರಿ ನೆನಪದಾವ. ಹೆಸರು ಹೇಳೂದಿಲ್ಲ," ಎಂದರು ಆಯಿ. "ಹೇಳಿಬಿಟ್ರ ಅವರು ಬರೋ ವರ್ಷ ಬರೂದು ಹ್ಯಾಂಗ?"

ಬಸಪ್ಪ ಎರಡು ಬಾಟಲಿ ಹಿಡಿದುಕೊಂಡು ನನ್ನ ಜೊತೆ ಬಸ್‌ಸ್ಟ್ಯಾಂಡಿಗೆ ನಡೆದ. ನಾನು ಬರಿಗೈಯಲ್ಲಿ ಗದಗಿಗೆ ಬಂದೆ. ಅಂದು ಲಕೋಟೆಯಲ್ಲಿ ಡೋಣಿಯ ಸುದ್ದಿ ಹೋಗಲಿಲ್ಲ. ನಾನು ಕಂಡದ್ದು ಸರಾಯಿ ಅಂಗಡಿಯಲ್ಲ. ಆದರೆ ಹರವಿಯೊಳಗೆ ಏನಿದೆಯೆಂದು ನನ್ನ ನಾಲಿಗೆ ಪ್ರಮಾಣ ಮಾಡಿ ಹೇಳುವಂತಿರಲಿಲ್ಲ.

ಶ್ರಾವಣದ ನಡುವೆ ಅಬಕಾರಿ ಇನ್ಸ್‌ಪೆಕ್ಟರ್ ಹಣಮಂತರಾಯರು ನನಗೆ ಹೇಳಿಕಳಿಸಿದರು. ಹೊಸದಾಗಿ ವರ್ಗವಾಗಿ ಬಂದವರು, ಯಾರ ಮನೆಯ ಚಹಾವನ್ನೂ ಕುಡಿಯದ ಕಟ್ಟುನಿಟ್ಟಿನ ಮನುಷ್ಯ. "ಡೋಣಿಗೆ ಹೊಂಟೀನಿ. ನೀವೂ ಬರ್ರಿ. ಆಮೇಲೆ ಅವರು ಹಿಂಗ ಮಾಡಿದ್ರು, ಹಂಗ ಮಾಡಿದ್ರು ಅನ್ನೂದು ಬ್ಯಾಡ," ಎಂದರು. ಜೀಪಿನಲ್ಲಿ ಹಿಂದೆ ಪೇದೆ ಫಕೀರಪ್ಪ, ಮುಂಡರಗಿಯವನು.

ದಾರಿಯಲ್ಲಿ ರಾಯರು ಕಾಯಿದೆ ವಿವರಿಸಿದರು. ಔಷಧದಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರಕ್ಕೆ ಅಡ್ಡಿಯಿಲ್ಲ. ಹೊರಗಿನಿಂದ ಸುರಿದದ್ದಿದ್ದರೆ ಲೈಸನ್ಸು ರದ್ದು, ಮೇಲೆ ಖಟ್ಲೆ. "ಹರವಿ ಇದ್ದಲ್ಲೇ ಒಡಸಬೇಕಾಗ್ತದ," ಎಂದರು. ಹತ್ತು ವರ್ಷದ ಪುರಸತ್ತಿಲ್ಲವೆಂದ ಆಯಿಯ ಮಾತು ನೆನಪಾಯಿತು. ಹರವಿ ಹೋದರೆ ಔಷಧ ಹೋಯಿತು. ಮಾಸ್ತರಿಕೆಗೂ ಪೂಜೆಗೂ ಹತ್ತುವ ಮಸಿ ಬೇರೆ.

ರಾಯರಿಗೆ ಆ ಮನೆಯ ಪದ್ಧತಿಯ ಬಗ್ಗೆ ಒಂದು ಮಾತು ಹೇಳಬೇಕೆಂದು ತುಟಿಯವರೆಗೆ ಬಂತು. ಹೇಳಲಿಲ್ಲ. ಕಂಡದ್ದರೊಳಗೆ ಕೈ ಹಾಕಬೇಡ.

ಪಡಸಾಲೆಯಲ್ಲಿ ರಾಯರು ಬೋರಲು ಹರವಿಗಳನ್ನು ಒಂದೊಂದಾಗಿ ಎತ್ತಿಸಿ ನೋಡಿದರು. ಲೈಸನ್ಸಿನ ಎರಡೂ ಬದಿ ಓದಿದರು. ಶ್ರೀಪಾದ ಪಂಡಿತರು ಶಾಲೆಯಲ್ಲಿ ಇನ್ಸ್‌ಪೆಕ್ಷನ್ ಇದ್ದಾಗ ನಿಲ್ಲುವಂತೆ ಕೈಕಟ್ಟಿ ನಿಂತಿದ್ದರು. ಕೊನೆಗೆ ರಾಯರು, "ಮಾದರಿಗೆ ಒಂದು ಬಾಟ್ಲಿ ಬೇಕು," ಎಂದರು.

"ಕೂಡ್ರಿ. ಮೊದಲು ರುಚಿ ನೋಡ್ರಿ. ಹಂಗ ಕೊಡೂದಿಲ್ಲ," ಎಂದರು ಆಯಿ.

ಕಾಯಿದೆಯಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲವೆಂದು ಕಾಣುತ್ತದೆ. ರಾಯರು ಟೋಪಿ ತೆಗೆದು ಬೆಂಚಿನ ಮೇಲೆ ಕುಳಿತರು. ಅವರ ಹಣೆಯ ಅಂಗಾರ, ಅಕ್ಷತೆಯನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಆಯಿ ಮೊದಲು ಫಕೀರಪ್ಪನಿಗೆ ಹಾಕಿದರು. ಅವನು ಕುಡಿದವನೇ ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡು ಗೋಡೆಗೆ ಒರಗಿದ. ಈ ಭಾಗದ ಮನುಷ್ಯ, ಅವನಿಗೆ ಗೊತ್ತಿತ್ತು. ರಾಯರು ಹೆಬ್ಬೆರಳು ಮಡಚಿ ಅಂಗೈಯನ್ನು ಆಕಳ ಕಿವಿಯ ಆಕಾರ ಮಾಡಿ, ಕೆಳಗೆ ಎಡಗೈಯಲ್ಲಿ ಕರವಸ್ತ್ರ ಹಿಡಿದು ಒಡ್ಡಿದರು. ಅದು ತೀರ್ಥಕ್ಕೆ ಒಡ್ಡುವ ಕೈ. ಅಂಗಾರ ಹಚ್ಚುವ ವೈಷ್ಣವ ಮನೆತನಗಳಲ್ಲಿ ತೀರ್ಥ ಕೊಡುವುದು ಒಂದು ಸಲವಲ್ಲ, ಮೂರು ಸಲ.

ಬೆಳ್ಳಿಯ ಉದ್ಧರಣೆ, ಕೆಂಪು ಸೀರೆಯ ಹಿರಿಯ ಜೀವ, ಎತ್ತರದಿಂದ ಬೀಳುವ ಧಾರೆ. ಹುಟ್ಟಿದಾಗಿನಿಂದ ಕಲಿತ ಕೈಗೆ ಅದು ಸರಕಾರಿ ಕೆಲಸವೆಂದು ಹೇಗೆ ಗೊತ್ತಾಗಬೇಕು? ರಾಯರು ಕುಡಿದರು. ಮತ್ತೆ ಒಡ್ಡಿದರು.

ಆಯಿ ತಾಟು ಮುಚ್ಚಿದರು.

"ನಿಮಗ ಬಾಟ್ಲಿ ಇಲ್ಲ."

ರಾಯರಿಗೆ ಮೊದಲು ಅರ್ಥವಾಗಲಿಲ್ಲ. ಪಂಡಿತರು ಗಾಬರಿಯಿಂದ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಫಕೀರಪ್ಪ ಗೋಡೆಯ ಕಡೆ ನೋಡುತ್ತ ವಿವರಿಸಿದ. ರಾಯರ ಕಿವಿ ಕೆಂಪಾದವು.

"ಆಯೀ, ನಾ ತೀರ್ಥದ ರೂಢಿ ಮ್ಯಾಲೆ ಕೈ ಮುಂದ ಮಾಡಿದೆ."

"ತೀರ್ಥ ದೇವರ ಮುಂದ. ಇಲ್ಲಿ ಔಷಧ."

"ಇದು ಸರಕಾರದ ಕೆಲಸ. ಮಾದರಿ ಕೊಡೂದಿಲ್ಲ ಅಂದ್ರ ಒಳಗ ಏನೋ ಅದ ಅಂತ ಬರೀಬೇಕಾಗ್ತದ."

"ಬರೀರಿ. ಸರಕಾರ ಎರಡನೇ ಸಲ ಕೈ ಚಾಚಿದ್ರ ಸರಕಾರಕ್ಕೂ ಇಲ್ಲ."

ಪಂಡಿತರಿಗೆ ತಡೆಯಲಾಗಲಿಲ್ಲ. ಆವರೆಗೆ ಅವರು ತಾಯಿಗೆ ಎದುರು ಮಾತಾಡಿದ್ದಿಲ್ಲವೆಂದು ಆ ದನಿಯಿಂದಲೇ ತಿಳಿಯುತ್ತಿತ್ತು. "ಆಯೀ, ಹಟಾ ಬಿಡು. ಲೈಸನ್ಸ್ ಹೋಗ್ತದ, ಹರವಿ ಒಡೀತಾರ. ನಾಳೆ ನಾ ಗುಡಿಗೆ ಯಾವ ಮಾರಿ ಇಟಗೊಂಡು ಹೋಗ್ಲಿ? ಒಂದು ಬಾಟ್ಲಿ ಸಲುವಾಗಿ ಮನಿತನಾ ಹಾಳ ಮಾಡ್ತಿಯೇನು?"

ಆಯಿ ಮಗನನ್ನು ನೋಡಿದರು. ಸಿಟ್ಟಿನಿಂದಲ್ಲ.

"ನಿಮ್ಮಪ್ಪಗ ಇಲ್ಲ ಅಂದಾಕಿ ನಾನು, ಸಿರೀ. ದಿನಾ ಪರೀಕ್ಷಾ ಮಾಡ್ತೀನಿ ಅಂತ ಹೇಳಿ ದಿನಾ ಎರಡನೇ ಸಲ ಕೈ ಚಾಚ್ತಿದ್ರು. ಪೂಜಿ ತಪ್ಪಲಿಕ್ಕೆ ಹತ್ತಿತು. ಈ ಉದ್ಧರಣಿ ಅವರ ಕೈಯಿಂದ ಕಸಗೊಂಡ ದಿನದಿಂದ ಇದು ನನ್ನ ಕೈಯಾಗದ. ಅವರಿಗೇ ಇಲ್ಲ ಅಂದು, ಇವರಿಗೆ ಹೂಂ ಅನ್ನಲೇನು?"

ಪಂಡಿತರು ಒಂದು ಹೆಜ್ಜೆ ಹಿಂದೆ ಸರಿದರು. ತಂದೆಯ ಬಗ್ಗೆ ಆ ಮಾತನ್ನು ಅವರು ಕೇಳಿದ್ದು ಅದೇ ಮೊದಲಿರಬೇಕು. ರಾಯರು ತಮ್ಮ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡರು. ಕರವಸ್ತ್ರದಿಂದ ಒರೆಸಿದರು. ಟೋಪಿ ಹಾಕಿಕೊಂಡರು. ಇನ್ನು ಹರವಿಯನ್ನೇ ಜಪ್ತಿ ಮಾಡುತ್ತಾರೆಂದು ನಾನು ಪೆನ್ನು ತೆಗೆದೆ.

"ಯಾರಿಗೆ ಕೊಡ್ತೀರಿ?" ಎಂದು ಕೇಳಿದರು.

"ಒಂದು ಸಲ ಚಾಚಿದವರಿಗೆ ಯಾರಿಗೂ ಕೊಡ್ತೀನಿ."

ಎಲ್ಲರೂ ಫಕೀರಪ್ಪನ ಕಡೆ ತಿರುಗಿದರು. ಅವನು ಕಂಕುಳಿನಿಂದ ಕೈ ತೆಗೆಯದೆಯೇ, "ನಂದು ಒಂದಽ ಆಗೈತ್ರಿ ಸಾಹೇಬ್ರ. ಇವರು ನೋಡ್ಯಾರ," ಎಂದು ನನ್ನನ್ನು ಸಾಕ್ಷಿಗೆ ಕರೆದ. ಆಯಿ ಬಾಟಲಿ ತುಂಬಿ ಅವನ ಕೈಗೆ ಕೊಟ್ಟರು. ಅವನು ರಾಯರಿಗೆ ಕೊಟ್ಟ. ರಾಯರು ಅರಗು ಕರಗಿಸಿ ಸೀಲು ಹಾಕಿದರು. ಹೊರಡುವಾಗ ಆಯಿ ಜೀಪಿನವರೆಗೆ ಬಂದರು.

"ಯಾರು ಪರೀಕ್ಷಾ ಮಾಡ್ತಾರೋ ಅವರಿಗೂ ಹೇಳ್ರಿ," ಎಂದರು. "ಒಂದಽ ಚಮಚಾ."

ಅಂದಿನ ರೈಲಿಗೆ ನಾಲ್ಕು ಸಾಲು ಕಳಿಸಿದೆ. ದೂರಿನ ಮೇರೆಗೆ ಡೋಣಿಯಲ್ಲಿ ಔಷಧದ ಮಾದರಿ ತೆಗೆದಿದ್ದಾರೆ, ಪರೀಕ್ಷೆಯ ವರದಿ ಬರಬೇಕಿದೆ. ಅಷ್ಟೇ. ಮೂರನೆಯ ದಿನ ಇನ್ನೊಂದು ಪತ್ರಿಕೆಯಲ್ಲಿ ಅದೇ ಸಂಗತಿ ಮೂರು ಕಾಲಮ್ಮಿಗೆ ಬಂತು. ಪೂಜಾರಿ, ಮಾಸ್ತರ, ಸರಾಯಿ, ಮೂರೂ ಶಿರೋನಾಮೆಯಲ್ಲಿದ್ದವು. ಬರೆದವನು ಡೋಣಿಗೆ ಹೋಗಿರಲಿಲ್ಲ.

ಸಂಪಾದಕರ ಟ್ರಂಕ್ ಕಾಲ್ ಬಂತು.

"ಏನಪಾ, ನೀ ಅಲ್ಲೇ ಇದ್ದಿ. ನಿನಗ ನಾಕ ಸಾಲು, ಅವರಿಗೆ ಮೂರು ಕಾಲಂ? ಮಂದಿ ಏನಂತಾರ ಗೊತ್ತೈತೇನು? ಪಂಡಿತ್ರು ನಿನಗ ಬಾಟ್ಲಿ ಕೊಟ್ಟು ಬಾಯಿ ಮುಚ್ಚಸ್ಯಾರ ಅಂತ."

"ಕೊಟ್ಟಿಲ್ರಿ. ಕೇಳಿದ್ರೂ ಕೊಡೂದಿಲ್ಲ."

"ಯಾಕ?"

"ಎರಡನೇ ಸಲ ಕೈ ಚಾಚಿಬಿಟ್ಟೆ."

ಆ ಮನೆಯ ಪದ್ಧತಿ ಏನೆಂದು ಹೇಳಿದೆ. ಆಮೇಲೆ ಅವರು, "ವರದಿ ಬರೂತನಕಾ ತಡಿ. ಆದ್ರ ಅದು ಉಲ್ಟಾ ಬಂತಂದ್ರ ನೀ ಹುಬ್ಬಳ್ಳಿಗೆ ಬಂದು ಪ್ರೂಫ್ ತಿದ್ದು," ಎಂದು ಇಟ್ಟುಬಿಟ್ಟರು.

ನನಗೆ ಪ್ರೂಫ್ ಮೇಜಿನ ಚಿಂತೆ, ಪಂಡಿತರಿಗೆ ಅದಕ್ಕಿಂತ ದೊಡ್ಡದು. ಗುಡಿಯ ಹಿರಿಯರು ಮನೆಗೆ ಬಂದು, ಬಹಳ ಮರ್ಯಾದೆಯಿಂದಲೇ, ವರದಿ ಬರುವವರೆಗೆ ಪೂಜೆಯನ್ನು ಬೇರೆಯವರು ಮಾಡಲಿ ಎಂದು ಹೇಳಿ ಹೋದರಂತೆ. ಭಾದ್ರಪದದಲ್ಲಿ ಮುಂಡರಗಿಯ ಸಂತೆಯ ಸುದ್ದಿಗೆಂದು ಹೋದವನು ಡೋಣಿಯಲ್ಲಿ ಇಳಿದೆ. ಬೆಂಚು ಖಾಲಿ ಇತ್ತು. ಪಂಡಿತರು ನಸುಕಿನಲ್ಲಿ ಎದ್ದು ಸ್ನಾನ ಮಾಡಿ, ಹೂ ಕೊಯ್ದು, ಬುಟ್ಟಿಯನ್ನು ಗುಡಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋಗದೆ ತಿರುಗಿ ಬರುತ್ತಾರೆಂದು ಆಯಿ ಹೇಳಿದರು. ಆಕೆ ಮಾತ್ರ ಎಂದಿನಂತೆ ಬೋರಲು ಹರವಿಗಳನ್ನು ಎತ್ತಿ ಒಳಮೈಗೆ ತುಪ್ಪ ಸವರುತ್ತಿದ್ದರು. ಒಡೆಯಲಿರುವ ಹರವಿಗೆ ಯಾರಾದರೂ ತುಪ್ಪ ಸವರುತ್ತಾರೆಯೇ?

ಮಾನವಮಿಗೆ ಎರಡು ದಿನ ಮೊದಲು ಹಣಮಂತರಾಯರು ಕರೆಸಿದರು. ಮೇಜಿನ ಮೇಲಿನ ಕಾಗದವನ್ನು ನನ್ನ ಕಡೆ ತಿರುಗಿಸಿದರು. ಎರಡು ಸಲ ಓದಿದೆ. ಮಾದರಿಯಲ್ಲಿರುವುದು ಹುದುಗಿನಿಂದ ತಾನಾಗಿ ಹುಟ್ಟಿದ ಅಂಶ ಮಾತ್ರ, ಹೊರಗಿನಿಂದ ಕೂಡಿಸಿದ್ದೇನೂ ಇಲ್ಲ, ಔಷಧದ ಮಿತಿಯೊಳಗಿದೆ. ದೂರು ಮುಕ್ತಾಯ.

"ಬರ್ಕೊಂಡ್ರೇನು?" ಎಂದು ರಾಯರು ಕೇಳಿದರು.

"ಬರ್ಕೊಂಡೆ."

"ನಮ್ಮ ಕಾಗದ ಅವರಿಗೆ ಮುಟ್ಟಲಿಕ್ಕೆ ಇನ್ನೂ ಎಂಟು ದಿನಾ ಹಿಡೀತದ," ಎಂದು ಅವರು ಕಿಟಕಿಯ ಕಡೆ ನೋಡುತ್ತ ಅಂದರು. "ಡೋಣಿ ಬಸ್ಸು ಹನ್ನೆರಡಕ್ಕ ಅದ."

ನಾನು ಸಂಪಾದಕರ ಎರಡನೆಯ ಪಾಠವನ್ನು ಮುರಿದದ್ದು ಅಂದು. ಹನ್ನೆರಡರ ಬಸ್ಸು ಹತ್ತಿದೆ. ಮಳೆ ಹಿಂದೆ ಸರಿದಿತ್ತು. ಗುಡ್ಡದ ನೆತ್ತಿ ತೊಳೆದಿಟ್ಟಂತೆ ಕಾಣುತ್ತಿತ್ತು. ಶಾಲೆಗೆ ದಸರಾ ಸೂಟಿ, ಪಂಡಿತರು ಅಂಗಳದಲ್ಲಿ ಕಟ್ಟಿಗೆ ಒಣಹಾಕುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, ವರದಿಯ ಸಾಲುಗಳನ್ನು ನೋಟ್‌ಬುಕ್ಕಿನಿಂದ ಓದಿದೆ. ಅವರು ಕೈಯಲ್ಲಿದ್ದ ಕಟ್ಟಿಗೆಯೊಂದಿಗೇ ಅಂಗಳದ ನಡುವೆ ಕುಳಿತುಬಿಟ್ಟರು. "ಇನ್ನೊಮ್ಮೆ ಓದ್ರಿ," ಎಂದರು. ಓದಿದೆ. ಮೂರನೆಯ ಸಲ ಅವರೇ ನೋಟ್‌ಬುಕ್ಕು ಇಸಿದುಕೊಂಡು, ನನ್ನ ಕೆಟ್ಟ ಅಕ್ಷರವನ್ನು ಬೆರಳಿಟ್ಟು ಓದಿದರು. ಆಮೇಲೆ ಚಪ್ಪಲಿ ಹಾಕಿಕೊಳ್ಳದೆ ಗುಡಿಯ ಕಡೆ ನಡೆದರು. ಓಡಿದರೆಂದರೆ ಉತ್ಪ್ರೇಕ್ಷೆಯಾದೀತು, ಆದರೆ ನಡೆದದ್ದೂ ಅಲ್ಲ.

ಆಯಿ ತುಪ್ಪದ ಕೈಯನ್ನು ಒರೆಸಿಕೊಳ್ಳುತ್ತ ಹೊರಗೆ ಬಂದರು. "ಏನಂತ?"

ಹೇಳಿದೆ.

"ಅದನ್ನ ತಿಳೀಲಿಕ್ಕೆ ಅವರಿಗೆ ಇಷ್ಟು ದಿನಾ ಬೇಕಾತೇನು?" ಎಂದರು. ಒಳಗೆ ಹೋಗುವಾಗ ಮಾತ್ರ ಬಾಗಿಲ ಚೌಕಟ್ಟನ್ನು ಹಿಡಿದು ಒಂದು ಕ್ಷಣ ನಿಂತರು. ಅಷ್ಟು ದಿನ ಆ ಮುದುಕಿ ಯಾವುದನ್ನು ಹಿಡಿದುಕೊಂಡು ನಿಂತಿದ್ದರೋ ಅದನ್ನು ಅಲ್ಲಿ ಬಿಟ್ಟರೆಂದು ನನಗನಿಸಿತು. ತಿರುಗಿ ಬಂದಾಗ ಕೈಯಲ್ಲಿ ಒಂದು ತಾಟು ಅವಲಕ್ಕಿ ಇತ್ತು. ಬಾಟಲಿ ಇರಲಿಲ್ಲ. ನಾನು ಬೋರಲು ಹರವಿಗಳ ಕಡೆ ನೋಡಿದ್ದು ಅವರ ಕಣ್ಣಿಗೆ ಬಿತ್ತು.

"ಹೊಸಾ ಹರವಿ ತಗದಾಗ ಅಂತ ಹೇಳೀನಲ್ಲಾ."

ಮರುದಿನದ ಸಂಚಿಕೆಯಲ್ಲಿ ಸುದ್ದಿ ಎರಡು ಕಾಲಮ್ಮಿಗೆ ಬಂತು. ಸಂಪಾದಕರು ಶಿರೋನಾಮೆಯನ್ನು ತಾವೇ ಬರೆದಿದ್ದರು. ಮಾನವಮಿಯ ದಿನ ಹಣಮಪ್ಪನಿಗೆ ಪೂಜೆ ಮಾಡಿದವರು ಶ್ರೀಪಾದ ಪಂಡಿತರೇ. ಅದನ್ನು ನಾನು ಬರೆಯಲಿಲ್ಲ. ದಿನವೂ ನಡೆಯುವ ಕೆಲಸ ಸುದ್ದಿಯಲ್ಲ.

ಮುಂದಿನ ವರ್ಷ ಯುಗಾದಿ ಮುಗಿದ ವಾರ ಪಂಡಿತರ ಕಾರ್ಡು ಬಂತು. ಹರವಿ ಮಾತು ನಿಲ್ಲಿಸಿದೆ, ಗುರುವಾರ ಬಾಯಿ ಬಿಚ್ಚುತ್ತೇವೆ. ನಾನು ಹೋಗುವಷ್ಟರಲ್ಲಿ ಜೋಳದ ಹೊಟ್ಟಿನಿಂದ ಎಂಟೂ ಹರವಿಗಳನ್ನು ಹೊರಗೆ ತೆಗೆದಿದ್ದರು. ಪಂಡಿತರು ಒಣಗಿದ ಮಣ್ಣನ್ನು ತಟ್ಟಿ ಉದುರಿಸಿ ಬಟ್ಟೆ ಬಿಚ್ಚಿದರು. ಆಯಿ ಉರಿಯುವ ಬತ್ತಿಯನ್ನು ಮೊದಲ ಹರವಿಯ ಬಾಯಿಗೆ ಹಿಡಿದರು. ಬತ್ತಿ ಒಮ್ಮೆ ಬಾಗಿ, ನೆಟ್ಟಗಾಗಿ ಉರಿಯಿತು. ಪಡಸಾಲೆಯಲ್ಲಿ ನಿಂತವರೆಲ್ಲರ ಉಸಿರು ಒಟ್ಟಿಗೇ ಹೊರಗೆ ಬಂತು.

ಬೆಂಚಿನ ಮೇಲೆ ಧೋತರ ಉಟ್ಟು, ಬಿಳಿ ಅಂಗಿ ತೊಟ್ಟ ಒಬ್ಬರು ಕುಳಿತಿದ್ದರು. ಹಣಮಂತರಾಯರೆಂದು ಗುರುತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಧಾರವಾಡದಲ್ಲಿ ಅವರ ಅಕ್ಕನಿಗೆ ಬಾಣಂತನದಿಂದ ಉಳಿದ ನಿತ್ರಾಣವಂತೆ. ರಜೆ ಹಾಕಿ, ಬಸ್ಸಿನಲ್ಲಿ ಬಂದಿದ್ದರು. ದಾರಿ ತೋರಿಸಲು ಫಕೀರಪ್ಪ ಬಂದಿದ್ದ, ಅಥವಾ ಹಾಗೆಂದು ಹೇಳಿಕೊಂಡಿದ್ದ. ನಾನು ಮೂರನೆಯವನಾಗಿ ಪಕ್ಕದಲ್ಲಿ ಕುಳಿತೆ.

ಆಯಿ ಸಾಲಿನ ಆ ತುದಿಯಿಂದ ಬಂದರು. ಒಬ್ಬೊಬ್ಬರ ಅಂಗೈಗೆ ಒಂದೊಂದು ಸಲ. ಹೊಸ ರಸ, ಇನ್ನೂ ಹೊಟ್ಟಿನ ಬಿಸಿ ಆರದ್ದು, ನಾಲಿಗೆಯ ಮೇಲೆ ಜುಮ್ಮೆನ್ನುತ್ತಿತ್ತು. ಅದನ್ನು ಇನ್ನೂ ಸ್ವಲ್ಪ ಕುಡಿದು ನೋಡದೆ ಸರಿಯಾಗಿ ಬರೆಯಲಾಗದೆಂದು ಇಂದಿಗೂ ನನ್ನ ಅಭಿಪ್ರಾಯ. ಕುಡಿದವನೇ ಕೈಯನ್ನು ಬೆನ್ನ ಹಿಂದೆ ಒಯ್ದು ಎಡಗೈಯಿಂದ ಬಿಗಿಯಾಗಿ ಹಿಡಿದೆ. ಪಕ್ಕದಲ್ಲಿ ರಾಯರು ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆಯೇ ಕುಳಿತಿದ್ದರು. ಫಕೀರಪ್ಪನ ಎರಡೂ ಕೈ ಕಂಕುಳಲ್ಲಿ.

ಆಯಿ ಉದ್ಧರಣೆ ತೊಳೆದು ತಿರುಗಿದರು. ಮೂವರನ್ನೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಹಲ್ಲಿಲ್ಲದ ಬಾಯಿಗೆ ಸೆರಗು ಅಡ್ಡ ಹಿಡಿದು, ಸಣ್ಣ ಮೈ ಅಲುಗಾಡುವಷ್ಟು ನಕ್ಕರು.

"ಏನ್ರೋ ಇದು! ಸರಕಾರ, ಪೇಪರು, ಪೋಲೀಸು, ಮೂರೂ ಮಂದಿ ಕೈ ಕಳಕೊಂಡವರಂಗ ಕುಂತೀರಲ್ಲೋ! ಇನ್ನ ಬಾಟ್ಲಿ ಯಾವುದರಾಗ ಇಸಗೋತೀರಿ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ, ಬಹಳ ಎಚ್ಚರದಿಂದ, ಎಡಗೈ ಮುಂದೆ ಮಾಡಿದೆವು.